ಹೋಂವರ್ಕ್ ಇಂಗ್ಲಿಷಿನದು, ಯೋಚನೆ ಕನ್ನಡದ್ದು

ಹತ್ತನೇ ತರಗತಿಯ ಇಂಗ್ಲಿಷ್ ದ್ವಿತೀಯ ಭಾಷೆಯ ಪಠ್ಯದಲ್ಲಿ ಹಲವು ವರ್ಷಗಳಿಂದ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಕತೆಯಿದೆ. ಹುಲಿಯನ್ನು ಎದುರಿಸಿದ ಹಳ್ಳಿ ಹುಡುಗನೊಬ್ಬನ ಸುದ್ದಿಯನ್ನು ಅಪ್ಪ ಪೇಪರಿನಲ್ಲಿ ಓದಿ, ಧೈರ್ಯವೊಂದಿದ್ದರೆ ಮೈಬಲ ಇಲ್ಲದಿದ್ದರೂ ನಡೆಯುತ್ತದೆ ಎನ್ನುತ್ತಾನೆ. ಮಗ ಸ್ವಾಮಿ ಒಪ್ಪುವುದಿಲ್ಲ. ಹಾಗಾದರೆ ಇವತ್ತು ರಾತ್ರಿ ನನ್ನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ನೋಡೋಣ ಎಂದು ಅಪ್ಪ ಸವಾಲು ಹಾಕುತ್ತಾನೆ. ಅಜ್ಜಿಯ ಮಗ್ಗುಲಲ್ಲಿ ಮಲಗಿ ರೂಢಿಯಾದ ಹುಡುಗ ಬೆಂಚಿನ ಕೆಳಗೆ ಮುದುಡಿಕೊಳ್ಳುತ್ತಾನೆ. ಕತ್ತಲಲ್ಲಿ ಏನೋ ಅಲುಗಾಡಿದಾಗ ದೆವ್ವವೇ ಬಂತೆಂದು ಹೆದರಿ ಅದರ ಕಾಲನ್ನು ಕಚ್ಚಿಬಿಡುತ್ತಾನೆ. ಕಚ್ಚಿಸಿಕೊಂಡವನು ಕಳ್ಳ. ಬೆಳಗಾಗುವಷ್ಟರಲ್ಲಿ ಸ್ವಾಮಿ ಊರಿಗೇ ಹೀರೋ.

ಈ ಪಾಠದ ಮೇಲೆ ಮೇಷ್ಟ್ರು ಕೊಡುವ ಹೋಂವರ್ಕಿನಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಸ್ವಾಮಿ ನಿಜವಾಗಿಯೂ ಹೀರೋ ಹೌದೇ, ನಿನ್ನ ಅಭಿಪ್ರಾಯ ಬರೆ. 'ನಿನ್ನ ಅಭಿಪ್ರಾಯ' ಎಂದು ಕೇಳಿದ ಪ್ರಶ್ನೆಗೂ ಗೈಡಿನಲ್ಲಿ ಉತ್ತರ ಸಿದ್ಧವಿರುತ್ತದೆ. ತರಗತಿಯ ನಲವತ್ತು ಮಕ್ಕಳಿಗೂ ಅದೇ ಅಭಿಪ್ರಾಯ, ಅದೇ ನಾಲ್ಕು ವಾಕ್ಯ, ಅಚ್ಚಿನ ತಪ್ಪಿದ್ದರೆ ಅದೂ ಸೇರಿ. ಮೇಷ್ಟ್ರು ಕೆಂಪು ಶಾಯಿಯಲ್ಲಿ 'ಸೀನ್' ಎಂದು ಬರೆದು ದಿನಾಂಕ ಹಾಕುತ್ತಾರೆ. ಹೋಂವರ್ಕ್ ಮುಗಿಯಿತು.

ನಮ್ಮ ಬೀದಿಯ ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಈ ಪ್ರಶ್ನೆ ಹಿಡಿದುಕೊಂಡು ಬಂದಾಗ ಗೈಡನ್ನು ಪಕ್ಕಕ್ಕಿಡಿಸಿ ಕೇಳಿದೆ, "ಸ್ವಾಮಿ ಹೀರೋನಾ ಅಲ್ವಾ, ನೀನೇ ಹೇಳು. ಕನ್ನಡದಲ್ಲೇ ಹೇಳು." ಅವಳಿಗೆ ಅರೆಕ್ಷಣವೂ ಬೇಕಾಗಲಿಲ್ಲ. "ಅವನೇನ್ ಹೀರೋ ಅಂಕಲ್, ಹೆದರ್ಕೊಂಡು ಕಚ್ಚಿದ್ದು. ಮಾರನೇ ದಿನ ಮತ್ತೆ ಅಜ್ಜಿ ಪಕ್ಕಾನೇ ಹೋಗಿ ಮಲಗ್ದ." ಜೊತೆಗೆ ಬಂದಿದ್ದ ಅವಳಜ್ಜಿ ಸುಮ್ಮನಿರಲಿಲ್ಲ. "ಹೆದರಿದ್ರೇನೇ, ಓಡಿಹೋಗ್ಲಿಲ್ವಲ್ಲ. ಕಚ್ಚಿ ಹಿಡ್ಕೊಂಡ ತಾನೇ?" ಎಂದರು. ಮೊಮ್ಮಗಳು, ಅಜ್ಜಿ ಇಬ್ಬರೂ ಚೆನ್ನಾಗಿಯೇ ವಾದ ಮಾಡಿದರು. ಇಂಗ್ಲಿಷಿನ ಒಂದಕ್ಷರ ಓದದ ಅಜ್ಜಿ ಹತ್ತನೇ ತರಗತಿಯ ಇಂಗ್ಲಿಷ್ ಪ್ರಶ್ನೆಗೆ ಗೈಡಿನವರಿಗಿಂತ ಒಳ್ಳೆಯ ಉತ್ತರ ಕೊಟ್ಟರು. ಆಮೇಲೆ ಉಳಿದದ್ದು ಆ ಮಾತುಗಳನ್ನು ಹುಡುಗಿಗೆ ಬರುವಷ್ಟು ಇಂಗ್ಲಿಷಿನಲ್ಲಿ ಇಳಿಸುವ ಕೆಲಸ. 'ಹಿ ವಾಸ್ ಅಫ್ರೇಡ್. ಹಿ ಥಾಟ್ ಇಟ್ ವಾಸ್ ಎ ಡೆವಿಲ್. ಬಟ್ ಹಿ ಡಿಡ್ ನಾಟ್ ರನ್.' ಮೂರೂ ಚಿಕ್ಕ ವಾಕ್ಯಗಳೇ, ಆದರೆ ಮೂರೂ ಅವಳವು.

ಇಂಗ್ಲಿಷ್ ಹೋಂವರ್ಕಿನಲ್ಲಿ ಮಕ್ಕಳು ತಡವರಿಸುವುದನ್ನು ಕಂಡ ಕೂಡಲೇ 'ಇಂಗ್ಲಿಷ್ ವೀಕು' ಎಂದು ತೀರ್ಮಾನಿಸುತ್ತೇವೆ. ಹತ್ತಿರ ಕೂತು ನೋಡಿದರೆ ಹೆಚ್ಚಿನ ಸಲ ತೊಡಕಿರುವುದು ಇಂಗ್ಲಿಷಿಗೂ ಮೊದಲೇ. ಕತೆ ಪೂರ್ತಿ ಗೊತ್ತಿರುವುದಿಲ್ಲ, ಇಲ್ಲವೇ ಪ್ರಶ್ನೆ ಏನು ಕೇಳುತ್ತಿದೆ ಎಂಬುದು ತಿಳಿದಿರುವುದಿಲ್ಲ. ಏನು ಹೇಳಬೇಕೆಂದು ಗೊತ್ತಿಲ್ಲದವರಿಗೆ ಯಾವ ಭಾಷೆಯಲ್ಲಿಯೂ ವಾಕ್ಯ ಹುಟ್ಟುವುದಿಲ್ಲ. ಅಂಥವರ ಕೈಗೆ ವ್ಯಾಕರಣದ ಪುಸ್ತಕ ಕೊಟ್ಟು ಪ್ರಯೋಜನವಿಲ್ಲ.

ಪ್ರಶ್ನೆಯ ಮಾತನ್ನೇ ತೆಗೆದುಕೊಳ್ಳಿ. 'ವೈ' ಎಂದಿದ್ದರೆ ಕಾರಣ ಬೇಕು, 'ಹೌ' ಎಂದಿದ್ದರೆ ಬಗೆ ಬೇಕು. ಇಷ್ಟು ಮಕ್ಕಳಿಗೆ ಗೊತ್ತು. 'ಜಸ್ಟಿಫೈ' ಎಂದರೆ? ಒಂದು ಮಾತನ್ನು ಹೇಳಿ, ಅದಕ್ಕೆ ಪಾಠದಿಂದ ಸಾಕ್ಷಿ ಕೊಡು ಎಂದು. 'ಇನ್ಫರ್' ಎಂದರೆ ಪಾಠದಲ್ಲಿ ನೇರವಾಗಿ ಬರೆದಿಲ್ಲದ್ದನ್ನು ಬರೆದದ್ದರಿಂದ ಊಹಿಸು ಎಂದು. 'ಇನ್ ಯುವರ್ ಓನ್ ವರ್ಡ್ಸ್' ಎಂದಾಗ ಪಠ್ಯದ ಪ್ಯಾರಾವನ್ನೇ ಇಳಿಸಬೇಡ ಎಂದರ್ಥ. ಪಾಪ, ಅದನ್ನೇ ಇಳಿಸಿ ಬರುವ ಮಕ್ಕಳೇ ಹೆಚ್ಚು. 'ಹೂ ಸೆಡ್ ದಿಸ್? ಟು ಹೂಮ್? ವೆನ್?' ಎಂಬ ಸಂದರ್ಭದ ಪ್ರಶ್ನೆಯನ್ನು ಕನ್ನಡ ಪೇಪರಿನಲ್ಲಿ 'ಸಂದರ್ಭ ಸಹಿತ ಸ್ವಾರಸ್ಯ' ಎಂದು ಇದೇ ಮಕ್ಕಳು ಸಲೀಸಾಗಿ ಬರೆಯುತ್ತಾರೆ. ಎರಡೂ ಒಂದೇ ಕಸರತ್ತು ಎಂದು ಅವರಿಗೆ ಯಾರಾದರೂ ಹೇಳಬೇಕು ಅಷ್ಟೆ. ಮನೆಯಲ್ಲಿ ಕೂಡಿಸಿಕೊಂಡಾಗ ನಾನು ಮೊದಲು ಮಾಡಿಸುವ ಕೆಲಸ, ಪ್ರಶ್ನೆಯನ್ನು ಓದಿಸಿ 'ಇದು ನಿನ್ನಿಂದ ಏನು ಕೇಳ್ತಿದೆ?' ಎಂದು ಕನ್ನಡದಲ್ಲಿ ಹೇಳಿಸುವುದು. ಅರ್ಧ ಹೋಂವರ್ಕ್ ಅಲ್ಲೇ ಇತ್ಯರ್ಥವಾಗುತ್ತದೆ.

ಇನ್ನು ವ್ಯಾಕರಣ. ಇಲ್ಲಿ ಮಾತ್ರ ತೊಡಕು ನಿಜವಾಗಿಯೂ ಇಂಗ್ಲಿಷಿನದು. ಆದರೆ ಮಕ್ಕಳ ತಪ್ಪುಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವು ಕಂಡಕಂಡಂತೆ ಆದ ತಪ್ಪುಗಳಲ್ಲ. ಹೆಚ್ಚಿನವುಗಳ ಹಿಂದೆ ಒಂದು ಸರಿಯಾದ ಕನ್ನಡ ವಾಕ್ಯ ನಿಂತಿರುತ್ತದೆ.

'ಡಿಡ್ ಹಿ ವೆಂಟ್?' ಎಂದು ಬರೆಯದ ಮಗುವನ್ನು ನಾನಂತೂ ಕಂಡಿಲ್ಲ. ಕನ್ನಡದಲ್ಲಿ 'ಹೋದ' ಎಂಬುದಕ್ಕೆ ಕೊನೆಯಲ್ಲೊಂದು 'ನಾ' ಸೇರಿಸಿ 'ಹೋದನಾ?' ಎಂದರೆ ಪ್ರಶ್ನೆಯಾಗಿಬಿಡುತ್ತದೆ. ಕ್ರಿಯಾಪದದ ಒಳಗಿನ ಭೂತಕಾಲ ಹಾಗೇ ಇರುತ್ತದೆ. ಇಂಗ್ಲಿಷಿನಲ್ಲಿ 'ಡಿಡ್' ಬಂದು ಭೂತಕಾಲವನ್ನು ತಾನೇ ಹೊತ್ತುಕೊಳ್ಳುತ್ತದೆ, 'ವೆಂಟ್' ಆಗ ಹಗುರಾಗಿ 'ಗೋ' ಆಗುತ್ತದೆ. ಭೂತಕಾಲವನ್ನು ವಾಕ್ಯದಲ್ಲಿ ಒಬ್ಬರು ಹೊತ್ತರೆ ಸಾಕು, ಇಬ್ಬರು ಬೇಡ ಎಂದು ಹೇಳಿಕೊಟ್ಟರೆ ಏಳನೇ ತರಗತಿಯವರಿಗೂ ಅರ್ಥವಾಗುತ್ತದೆ. ಗೆರೆ ಎಳೆದ ಪದ ಉತ್ತರವಾಗಿ ಬರುವಂತೆ ಪ್ರಶ್ನೆ ರಚಿಸಿ ಎಂಬುದು ಎಸ್ಸೆಸ್ಸೆಲ್ಸಿಯಲ್ಲಿ ಕೇಳುವ ಪ್ರಶ್ನೆ. ಅಲ್ಲಿ ಅಂಕ ಹೋಗುವುದು ಬಹುಮಟ್ಟಿಗೆ ಇದೊಂದರಿಂದಲೇ.

ಕ್ವೆಶ್ಚನ್ ಟ್ಯಾಗ್ ಇನ್ನೊಂದು. ನಮಗೆ 'ಅಲ್ವಾ?' ಒಂದಿದ್ದರೆ ಎಲ್ಲಕ್ಕೂ ಆಯಿತು. ನೀವು ಬಂದ್ರಿ ಅಲ್ವಾ, ಅವಳು ಹಾಡ್ತಾಳೆ ಅಲ್ವಾ, ನಾಳೆ ರಜೆ ಅಲ್ವಾ. ಇಂಗ್ಲಿಷಿನಲ್ಲಿ ವಾಕ್ಯದ ಮೊದಲ ಭಾಗಕ್ಕೆ ತಕ್ಕಂತೆ ಬಾಲ ಬದಲಾಗಬೇಕು: 'ಡಿಡಂಟ್ ಯೂ', 'ಡಸಂಟ್ ಷಿ', 'ಈಸಂಟ್ ಇಟ್'. ಆಫೀಸುಗಳಲ್ಲಿ ದೊಡ್ಡವರೂ ಎಲ್ಲದಕ್ಕೂ 'ಈಸಂಟ್ ಇಟ್' ಅಂಟಿಸುವುದು ಈ 'ಅಲ್ವಾ'ದ ಪ್ರಭಾವವೇ. ಮಾತಿನಲ್ಲಿ ಅದು ನಡೆಯುತ್ತದೆ, ಅಂಥ ಅಪರಾಧವೇನಲ್ಲ. ಪರೀಕ್ಷೆಯಲ್ಲಿ ಒಂದು ಅಂಕ ಹೋಗುತ್ತದೆ.

'ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ' ಎಂಬುದು 'ನಿನ್ನೆ ಅವನನ್ನು ನೋಡಿದ್ದೇನೆ' ಎಂಬ ನಿರ್ದೋಷ ಕನ್ನಡದಿಂದ ಬಂದದ್ದು. ಇಂಗ್ಲಿಷಿನವರಿಗೆ 'ನಿನ್ನೆ' ಎಂದು ದಿನ ಹೇಳಿದ ಮೇಲೆ 'ಹ್ಯಾವ್' ಸೇರುವುದಿಲ್ಲ. ಆಯಿತೋ ಇಲ್ಲವೋ ಎಂಬುದಷ್ಟೇ ಮುಖ್ಯವಾದಾಗ 'ಹ್ಯಾವ್ ಸೀನ್', ಯಾವಾಗ ಎಂದು ಹೇಳಿಬಿಟ್ಟರೆ ಬರೀ 'ಸಾ'. ಹಾಗೆಯೇ 'ಐ ಆಮ್ ನೋಯಿಂಗ್', 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್'. ಗೊತ್ತಿರುವುದು, ಇರುವುದು, ಬೇಕಾಗುವುದು ಇವು ಕೆಲಸಗಳಲ್ಲ, ಸ್ಥಿತಿಗಳು. ಕನ್ನಡದಲ್ಲಿ 'ನನಗೆ ಗೊತ್ತು', 'ನನಗೆ ಬೇಕು' ಎನ್ನುವಾಗ ನಾವೂ ಅವನ್ನು ಕೆಲಸದಂತೆ ನಡೆಸುವುದಿಲ್ಲ. 'ನಾನು ಗೊತ್ತುತ್ತಿದ್ದೇನೆ' ಎಂದು ಯಾರೂ ಅನ್ನುವುದಿಲ್ಲವಲ್ಲ! ಇದನ್ನು ಹೇಳಿದರೆ ಮಕ್ಕಳು ನಗುತ್ತಾರೆ, ನಕ್ಕ ಮೇಲೆ ಮರೆಯುವುದಿಲ್ಲ.

ಪ್ಯಾಸಿವ್ ವಾಯ್ಸ್ ಕಲಿಸುವ ನಮ್ಮ ರೀತಿ ನನಗೆ ಯಾವತ್ತೂ ಸರಿಕಂಡಿಲ್ಲ. 'ನಾನು ಮಾವಿನಹಣ್ಣು ತಿಂದೆ' ಎಂಬುದನ್ನು 'ಮಾವಿನಹಣ್ಣು ನನ್ನಿಂದ ತಿನ್ನಲ್ಪಟ್ಟಿತು' ಎಂದು ತಿರುಗಿಸುತ್ತಾರೆ. ಭೂಮಿಯ ಮೇಲೆ ಯಾರೂ ಆಡದ ಮಾತು, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ. ಅದರ ಬದಲು ಅವತ್ತಿನ ಪೇಪರ್ ತೆರೆದು ತೋರಿಸಬಹುದು. 'ಕಳ್ಳನನ್ನು ಬಂಧಿಸಲಾಗಿದೆ', 'ರಸ್ತೆಯನ್ನು ಮುಚ್ಚಲಾಯಿತು', 'ಅರ್ಜಿ ಆಹ್ವಾನಿಸಲಾಗಿದೆ'. ಬಂಧಿಸಿದ್ದು ಪೊಲೀಸರೇ ಎಂದು ಎಲ್ಲರಿಗೂ ಗೊತ್ತು, ಹೇಳುವ ಅಗತ್ಯವಿಲ್ಲ, ಅಥವಾ ಹೇಳುವವರಿಗೆ ಇಷ್ಟವಿಲ್ಲ. ಈ 'ಲಾಗಿದೆ', 'ಲಾಯಿತು' ಬಂದಲ್ಲೆಲ್ಲ ಇಂಗ್ಲಿಷಿನವರು ಪ್ಯಾಸಿವ್ ಬಳಸುತ್ತಾರೆ: 'ದ ಥೀಫ್ ಹ್ಯಾಸ್ ಬೀನ್ ಅರೆಸ್ಟೆಡ್.' ನಮ್ಮಲ್ಲಿ 'ಕಳ್ಳನನ್ನು' ಎಂಬ ದ್ವಿತೀಯಾ ವಿಭಕ್ತಿ ಹಾಗೇ ಉಳಿಯುತ್ತದೆ, ಅವರಲ್ಲಿ ಕಳ್ಳನೇ ಮುಂದೆ ಬಂದು ವಾಕ್ಯದ ಯಜಮಾನನಾಗುತ್ತಾನೆ. ಸರ್ಕಾರಿ ಪ್ರಕಟಣೆಯೊಂದನ್ನು ಕೊಟ್ಟು ಇಂಗ್ಲಿಷ್ ಮಾಡಿಸಿ ನೋಡಿ, ಪ್ಯಾಸಿವ್ ಅದರ ಪಾಡಿಗೆ ಅದು ಬರುತ್ತದೆ.

ರಿಪೋರ್ಟೆಡ್ ಸ್ಪೀಚ್ ಕಷ್ಟವಾಗುವುದಕ್ಕೆ ಕಾರಣ ನಮ್ಮ 'ಅಂತ'. 'ನಾಳೆ ಬರ್ತೀನಿ ಅಂತ ಅಂದ' ಎಂದರೆ ಮುಗಿಯಿತು. ಅವನ ಮಾತನ್ನು ಮುಟ್ಟದೆ ಹಾಗೆಯೇ ಎತ್ತಿ 'ಅಂತ'ದ ಮುಂದೆ ಇಡುತ್ತೇವೆ. ಇಂಗ್ಲಿಷಿನಲ್ಲಿ ವರದಿ ಮಾಡುವವರು ತಾವು ನಿಂತ ಜಾಗದಿಂದ ಎಲ್ಲವನ್ನೂ ಅಳೆಯಬೇಕು. 'ನಾನು' ಹೋಗಿ 'ಅವನು', 'ವಿಲ್' ಹೋಗಿ 'ವುಡ್', 'ಟುಮಾರೋ' ಹೋಗಿ 'ದ ನೆಕ್ಸ್ಟ್ ಡೇ'. ಈ ಬದಲಾವಣೆಗಳನ್ನು ಪಟ್ಟಿಯಾಗಿ ಉರು ಹೊಡೆಸುತ್ತಾರೆ. ಯಾಕೆ ಬದಲಾಗುತ್ತವೆ ಎಂದು ಒಮ್ಮೆ ಹೇಳಿದರೆ ಪಟ್ಟಿಯೇ ಬೇಡ.

'ಎ' ಮತ್ತು 'ಆನ್' ವಿಚಾರದಲ್ಲಿ ನಮ್ಮ ಲಿಪಿಯೇ ಗುರು. ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆಸಿ. ಸ್ವರದಿಂದ ಶುರುವಾದರೆ 'ಆನ್', ವ್ಯಂಜನದಿಂದ ಶುರುವಾದರೆ 'ಎ'. 'ಅವರ್' ಸ್ವರ, ಹಾಗಾಗಿ 'ಆನ್ ಅವರ್', ಅದರ ಸ್ಪೆಲ್ಲಿಂಗ್ ಎಚ್‌ನಿಂದ ಶುರುವಾದರೂ. 'ಯೂನಿವರ್ಸಿಟಿ' ಯಕಾರ, ಹಾಗಾಗಿ 'ಎ ಯೂನಿವರ್ಸಿಟಿ', ಸ್ಪೆಲ್ಲಿಂಗ್ ಯು ಇದ್ದರೂ. ಎಲ್ಲೋ ಒಂದೆರಡು ಕಡೆ ಎಚ್ಚರ ಬೇಕು. ಎಂಟನ್ನು 'ಯೆಂಟು' ಎನ್ನುವ ನಮ್ಮ ನಾಲಿಗೆ ಎಂಎಲ್‌ಎಯನ್ನೂ 'ಯೆಮ್ಮೆಲ್ಲೆ' ಮಾಡುತ್ತದೆ, ಆಗ 'ಆನ್' ತಪ್ಪಿಹೋಗುತ್ತದೆ. 'ಒನ್' ಎಂದು ಬರೆದರೂ ಸದ್ದು ವಕಾರದ್ದು. ಸ್ಪೆಲ್ಲಿಂಗ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನುಡಿದಂತೆ ಬರೆಯುವ ನಾಡಿನ ಮಕ್ಕಳಿಗೆ ಅದೊಂದು ದಂಡ, ಓದಿ ಓದಿಯೇ ಕಟ್ಟಬೇಕು.

ಪತ್ರ ಬರೆಯುವ ಪ್ರಶ್ನೆಯ ಬಗ್ಗೆ ಒಂದು ಮಾತು. ಕರ್ನಾಟಕದ ಮಕ್ಕಳೆಲ್ಲ ಇಂಗ್ಲಿಷಿನಲ್ಲಿ ಕಾಯಿಲೆ ಬೀಳುವುದು ಒಂದೇ ಥರ: 'ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್.' ರಜೆಯ ಅರ್ಜಿಗೆ ಆ ವಾಕ್ಯ ಹೊಂದುತ್ತದೆ. ಬಸ್ಸಿಲ್ಲವೆಂದು ಡಿಪೋ ಮ್ಯಾನೇಜರಿಗೆ ಬರೆಯುವ ಪತ್ರಕ್ಕೆ ಹೊಂದುವುದಿಲ್ಲ. ಬಾಯಿಪಾಠ ಮಾಡಿದವರು ಅಲ್ಲಿಯೂ ಜ್ವರದಿಂದಲೇ ಶುರುಮಾಡುತ್ತಾರೆ. 'ಫ್ರಮ್', 'ಟು', ದಿನಾಂಕ, ವಿಷಯ ಇವುಗಳ ಜಾಗವನ್ನು ಕಲಿತುಕೊಂಡು, ನಡುವಿನದನ್ನು ತಾನೇ ಬರೆಯುವ ಅಭ್ಯಾಸ ಮಾಡಿಸಬೇಕು. ಬಸ್ಸು ಎಷ್ಟು ಗಂಟೆಗೆ ಬರಬೇಕು, ಎಷ್ಟಕ್ಕೆ ಬರುತ್ತಿದೆ, ಅದರಿಂದ ಶಾಲೆಗೆ ಏನು ತೊಂದರೆ ಎಂಬ ಮೂರು ಮಾತು ಸಾಕು.

ಸಾಹಿತ್ಯದ ಕಡೆ ಬಂದರೆ ಪದ್ಯಗಳೇ ಮಕ್ಕಳನ್ನು ಹೆದರಿಸುವುದು. ಹತ್ತನೇ ತರಗತಿಯವರು ಬಾಯಿಪಾಠ ಮಾಡುವ ಶೇಕ್ಸ್‌ಪಿಯರನ 'ಕ್ವಾಲಿಟಿ ಆಫ್ ಮರ್ಸಿ' ಇದೆಯಲ್ಲ, ಅದು ಬಿಡಿ ಪದ್ಯವೇ ಅಲ್ಲ. 'ದ ಮರ್ಚೆಂಟ್ ಆಫ್ ವೆನಿಸ್' ನಾಟಕದ ನಾಲ್ಕನೇ ಅಂಕದಲ್ಲಿ ಪೋರ್ಷಿಯಾ ಕೋರ್ಟಿನಲ್ಲಿ ಆಡುವ ಮಾತು. ಆಂಟೋನಿಯೋ ತನ್ನ ಗೆಳೆಯನಿಗಾಗಿ ಶೈಲಾಕನಿಂದ 3000 ಡ್ಯುಕಾಟ್ ಸಾಲ ಎತ್ತಿದ್ದಾನೆ. ಮೂರು ತಿಂಗಳಲ್ಲಿ ತೀರಿಸದಿದ್ದರೆ ಅವನ ಮೈಯಿಂದ ಒಂದು ಪೌಂಡ್ ಮಾಂಸ ಕೊಯ್ದುಕೊಳ್ಳಬಹುದೆಂದು ಕರಾರು. ವಾಯಿದೆ ಮೀರಿದೆ, ಶೈಲಾಕ ಕತ್ತಿ ಮಸೆಯುತ್ತಿದ್ದಾನೆ. ಗಂಡಸಿನ ವೇಷದಲ್ಲಿ, ಕಾನೂನು ಪಂಡಿತನಂತೆ ಬಂದ ಪೋರ್ಷಿಯಾ ಅವನಿಗೆ ಕರುಣೆ ತೋರು ಎನ್ನುತ್ತಾಳೆ. ಯಾಕೆ ತೋರಬೇಕು ಎಂದು ಅವನು ಕೇಳುತ್ತಾನೆ. ಅದಕ್ಕೆ ಕೊಟ್ಟ ಉತ್ತರ ಈ ಪದ್ಯ. ಇಷ್ಟು ಕತೆ ಹೇಳಲು ಐದು ನಿಮಿಷ ಸಾಕು. ಕತೆ ಗೊತ್ತಿಲ್ಲದೆ ಓದಿದರೆ ಅದು ಕರುಣೆಯ ಮೇಲಿನ ಪ್ರವಚನ. ಕತೆ ಗೊತ್ತಿದ್ದರೆ ಒಬ್ಬ ಮನುಷ್ಯನ ಪ್ರಾಣ ಉಳಿಸಲು ನಡೆದ ವಾದ. ಕರುಣೆ ಕೊಟ್ಟವರಿಗೂ ಪಡೆದವರಿಗೂ ಒಳಿತು ಮಾಡುವುದು ಹೇಗೆ ಎಂಬ ಪ್ರಶ್ನೆ ಬಂದಾಗ, ದಯೆಯನ್ನು ಧರ್ಮದ ಬೇರೆಂದು ಬಗೆದ ಬಸವಣ್ಣನವರನ್ನು ಓದಿದ ಮಕ್ಕಳು ಅಪರಿಚಿತ ಜಾಗದಲ್ಲಿ ನಿಂತಿರುವುದಿಲ್ಲ. ಮಾಂಸವನ್ನು ಕೊಯ್ದುಕೋ, ಆದರೆ ರಕ್ತ ಹನಿಸಕೂಡದು ಎಂದು ಪೋರ್ಷಿಯಾ ಮುಂದೆ ಹೂಡುವ ತಂತ್ರವನ್ನೂ ಹೇಳಿಬಿಡಿ. ಪಠ್ಯದಲ್ಲಿ ಆ ಭಾಗವಿಲ್ಲ, ಆದರೆ ಆಮೇಲೇನಾಯಿತು ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ.

ಫಿಗರ್ಸ್ ಆಫ್ ಸ್ಪೀಚ್ ಎಂದೊಡನೆ ಗಾಬರಿಯಾಗುವ ಮಕ್ಕಳು ಕನ್ನಡ ಪೇಪರಿನಲ್ಲಿ ಅಲಂಕಾರ ಬಿಡಿಸುತ್ತಾರೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ನಾಲ್ಕೂ ಬಿಡಿಸಿ ಲಕ್ಷಣ ಹೊಂದಿಸಿ ಬರೆಯುತ್ತಾರೆ. ಸಿಮಿಲಿ ಎಂದರೆ ಅದೇ ಉಪಮೆ. 'ಅಂತೆ', 'ಹಾಗೆ' ಇರುವಲ್ಲಿ 'ಲೈಕ್', 'ಆಸ್' ಇರುತ್ತದೆ. ವಾಚಕ ಬಿಟ್ಟುಹೋಗಿ ಅದೇ ಇದು ಎಂದುಬಿಟ್ಟರೆ ರೂಪಕ, ಅದು ಮೆಟಫರ್. ಅಲಿಟರೇಷನ್ ನಮ್ಮ ಅನುಪ್ರಾಸದ ಬಂಧು. ಪರ್ಸಾನಿಫಿಕೇಷನ್‌ಗೆ ಅದೇ ಪಠ್ಯದ 'ಐ ಆಮ್ ದ ಲ್ಯಾಂಡ್' ಉದಾಹರಣೆ, ಅಲ್ಲಿ ಭೂಮಿಯೇ ಬಾಯಿಬಿಟ್ಟು ಮಾತಾಡುತ್ತದೆ. ಕನ್ನಡ ಮೇಷ್ಟ್ರು, ಇಂಗ್ಲಿಷ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಅಕ್ಕಪಕ್ಕ ಕೂತು ಕಾಫಿ ಕುಡಿಯುತ್ತಾರೆ, ಆದರೆ ಒಬ್ಬರ ಪಾಠ ಇನ್ನೊಬ್ಬರ ಪಾಠಕ್ಕೆ ದಾಟುವುದಿಲ್ಲ. ದಾಟಿದ್ದರೆ ಮಕ್ಕಳ ಹೊರೆ ಅರ್ಧ ಇಳಿಯುತ್ತಿತ್ತು.

ಛಂದಸ್ಸಿನಲ್ಲೂ ಹೀಗೆಯೇ. ಪ್ರಸ್ತಾರ ಹಾಕಿ ಲಘು ಗುರು ಗುರುತಿಸಿದ ಕೈಗೆ ಇಂಗ್ಲಿಷ್ ಸಾಲಿನ ನಡೆ ಗುರುತಿಸುವುದು ಹೊಸ ವಿದ್ಯೆಯಲ್ಲ. ಒಂದು ವ್ಯತ್ಯಾಸ ಮಾತ್ರ ಹೇಳಬೇಕು: ನಾವು ಎಣಿಸುವುದು ಉಚ್ಚಾರಣೆಗೆ ಹಿಡಿಯುವ ಹೊತ್ತನ್ನು, ಅವರು ಎಣಿಸುವುದು ಒತ್ತನ್ನು. ಪೋರ್ಷಿಯಾಳ ಮಾತಿರುವುದು ಬ್ಲ್ಯಾಂಕ್ ವರ್ಸ್‌ನಲ್ಲಿ. ಅಂತ್ಯಪ್ರಾಸದ ಹಂಗಿಲ್ಲದೆ, ಸಾಲಿಗೆ ಸುಮಾರು ಹತ್ತು ಉಚ್ಚಾರದಂತೆ ಒಂದು ಹಗುರ ಒಂದು ಭಾರವಾಗಿ ನಡೆಯುತ್ತದೆ. ಕನ್ನಡದಲ್ಲಿ ಅದಕ್ಕೆ ಜೋಡಿಯಾಗಿ ಬೆಳೆದದ್ದು ಸರಳ ರಗಳೆ. ಹದಿನಾಲ್ಕು ಸಾಲಿನ ಸಾನೆಟ್ ನಮ್ಮಲ್ಲಿ ಸುನೀತವಾಗಿದೆ.

ಹೀಗೆ ಜೋಡಿ ಹುಡುಕುವುದು ನಾನು ಕಟ್ಟಿದ ಉಪಾಯವೇನಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು 1926ರಲ್ಲಿ 'ಇಂಗ್ಲಿಷ್ ಗೀತಗಳು' ತಂದಾಗ ಇಂಗ್ಲಿಷ್ ಪದ್ಯಗಳಿಗೆ ಕನ್ನಡದ ನಡೆ ಹುಡುಕಿಕೊಟ್ಟಿದ್ದರು. ಕುವೆಂಪು 1922ರಲ್ಲಿ ಅಚ್ಚು ಹಾಕಿಸಿದ ಮೊದಲ ಕೃತಿ ಇಂಗ್ಲಿಷಿನದು, 'ಬಿಗಿನರ್ಸ್ ಮ್ಯೂಸ್'. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಅವರಿಗೆ ಹೇಳಿದವರು ಐರಿಶ್ ಕವಿ ಜೇಮ್ಸ್ ಕಸಿನ್ಸ್. ಆ ಕುವೆಂಪು ಮುಂದೆ ಬ್ರೌನಿಂಗ್ ಕವಿಯ 'ಪೈಡ್ ಪೈಪರ್'ನನ್ನು ಜರ್ಮನಿಯ ಹ್ಯಾಮ್ಲಿನ್ನಿಂದ ಬೊಮ್ಮನಹಳ್ಳಿಗೆ ಕರೆತಂದು ಕಿಂದರಿಜೋಗಿ ಮಾಡಿದರು. 'ಹ್ಯಾಮ್ಲೆಟ್' ಅವರ ಕೈಯಲ್ಲಿ 'ರಕ್ತಾಕ್ಷಿ' ಆಯಿತು, 'ದ ಟೆಂಪೆಸ್ಟ್' 'ಬಿರುಗಾಳಿ' ಆಯಿತು. ಇಂಗ್ಲಿಷ್ ಶಾಲೆಯಲ್ಲಿ 'ಪೈಡ್ ಪೈಪರ್' ಓದುತ್ತಿರುವ ಮಗುವಿಗೆ ಮೊದಲು ಕಿಂದರಿಜೋಗಿಯನ್ನು ಗಟ್ಟಿಯಾಗಿ ಓದಿ ಹೇಳಿ. ಇಲಿಗಳ ಸಾಲು ಒಮ್ಮೆ ಕಣ್ಣಿಗೆ ಕಟ್ಟಿತೆಂದರೆ ಇಂಗ್ಲಿಷಿನ ಇಲಿಗಳ ಹಿಂದೆ ಮಗು ತಾನೇ ಹೋಗುತ್ತದೆ.

ಪಿಯುಸಿ ಮಟ್ಟದಲ್ಲಿ ಈ ಅನುಕೂಲ ಇನ್ನೂ ಹೆಚ್ಚು. ನಮ್ಮ ಪಿಯು ಮಕ್ಕಳು ಇಂಗ್ಲಿಷ್ ಪಠ್ಯದಲ್ಲಿ ವರ್ಷಗಳಿಂದ ಓದುತ್ತ ಬಂದದ್ದರಲ್ಲಿ ಕುವೆಂಪು ಅವರ ಸ್ವರ್ಗದ ಕವಿತೆ, ಲಂಕೇಶರ ತೋಟಗಾರನ ಕತೆ, ಮದ್ದಿನ ಬಳ್ಳಿಯ ಸುತ್ತ ತೇಜಸ್ವಿ ಬರೆದ ಅನುಭವ, ಮೂಡ್ನಾಕೂಡು ಚಿನ್ನಸ್ವಾಮಿಯವರ ಮರದ ಕವಿತೆ ಎಲ್ಲ ಇವೆ. ಎಲ್ಲವೂ ಕನ್ನಡದಿಂದ ಇಂಗ್ಲಿಷಿಗೆ ಹೋದವು. ಕನ್ನಡದ ಮಕ್ಕಳು ತೇಜಸ್ವಿಯವರನ್ನು ಅರ್ಥಮಾಡಿಕೊಳ್ಳಲು ಇಂಗ್ಲಿಷ್ ಗೈಡ್ ಕೊಳ್ಳುವುದು ವಿಚಿತ್ರ, ಆದರೆ ನಡೆಯುತ್ತಿರುವುದು ಅದೇ. ಮೂಲವನ್ನು ಒಂದು ಸಂಜೆ ಓದಿದರೆ ಆ ಪಾಠದ ಎಲ್ಲ ಪ್ರಶ್ನೆಗೂ ಮನಸ್ಸಿನಲ್ಲಿ ಉತ್ತರ ಸಿದ್ಧವಾಗುತ್ತದೆ. ಹತ್ತನೇ ತರಗತಿಯ 'ದ ಸಾಂಗ್ ಆಫ್ ಇಂಡಿಯಾ' ಬರೆದವರು ವಿ.ಕೃ. ಗೋಕಾಕರು. ಆಕ್ಸ್‌ಫರ್ಡ್‌ನಲ್ಲಿ ಓದಿ, ಬಾಳಿಡೀ ಇಂಗ್ಲಿಷ್ ಕಲಿಸಿ, ಆ ಭಾಷೆಯಲ್ಲಿ ಕವಿತೆಯನ್ನೂ ಬರೆದವರು. 1981ರಲ್ಲಿ ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಸ್ಥಾನ ಬೇಕೆಂದ ವರದಿಯೂ ಅವರ ಹೆಸರಿನದೇ. ಕವಿ ಪರಿಚಯದ ಎರಡು ಸಾಲಿನಲ್ಲಿ ಇದು ಮಕ್ಕಳಿಗೆ ಸಿಗುವುದಿಲ್ಲ.

ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಅಂದರೆ ಹತ್ತಕ್ಕೆ ಬರುವ ಹೊತ್ತಿಗೆ ಒಂಬತ್ತು ವರ್ಷದ ಸಹವಾಸ. ಆದರೂ ಕೊನೆಯ ವರ್ಷ ಅದು 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ ಎಂಬ ಲೆಕ್ಕಕ್ಕೆ ಇಳಿಯುತ್ತದೆ. ಜನವರಿ ಬಂತೆಂದರೆ 'ಪಾಸಿಂಗ್ ಪ್ಯಾಕೇಜ್' ಶುರು. ಇಷ್ಟು ಪ್ರಶ್ನೆ, ಇಷ್ಟು ಉತ್ತರ, ಒಂದು ಪದ್ಯ, ಒಂದು ಪತ್ರ. ಹಿಂದುಳಿದ ಮಗುವನ್ನು ದಡ ಹತ್ತಿಸುವ ಮೇಷ್ಟ್ರ ಕಷ್ಟ ನನಗೆ ಗೊತ್ತು, ಅದನ್ನು ಹೀಗಳೆಯುವುದಿಲ್ಲ. ಆದರೆ ಜೂನ್‌ನಿಂದಲೇ ಪ್ಯಾಕೇಜಿನ ಮನಸ್ಸಿನಲ್ಲಿ ಹೋಂವರ್ಕ್ ಕೊಡುವುದನ್ನು ಒಪ್ಪಲಾರೆ.

ಗೈಡಿನ ಜಾಗಕ್ಕೆ ಈಗ ಮೊಬೈಲ್ ಬಂದಿದೆ. ಪ್ರಶ್ನೆಯ ಫೋಟೋ ತೆಗೆದರೆ ಚಾಟ್‌ಜಿಪಿಟಿಯಂಥ ಎಐ ಉತ್ತರವನ್ನು ಸುರಿಯುತ್ತದೆ. 'ಎಕ್ಸೆಂಪ್ಲಿಫೈಸ್', 'ನ್ಯೂಆನ್ಸ್‌ಡ್' ಎಂಬ ಪದಗಳು ನೋಟ್‌ಬುಕ್ಕಿನಲ್ಲಿ ಕಂಡ ಕೂಡಲೇ ಇದು ಯಾರ ಕೈವಾಡ ಎಂದು ಮೇಷ್ಟ್ರಿಗೆ ಗೊತ್ತಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ ಈ ಯಂತ್ರ ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನದೆ ಕತೆ ಕಟ್ಟಬಲ್ಲದು. ಪಾಠದಲ್ಲಿಲ್ಲದ ಪಾತ್ರ, ಪದ್ಯದಲ್ಲಿಲ್ಲದ ಸಾಲು ತಂದಿಡಬಲ್ಲದು. ಹಾಗೆಂದು ಮೊಬೈಲ್ ಕಿತ್ತುಕೊಂಡು ಪ್ರಯೋಜನವಿಲ್ಲ. ಕೇಳುವ ರೀತಿ ಬದಲಾಯಿಸಿದರೆ ಅದೇ ಯಂತ್ರ ಒಳ್ಳೆಯ ಮೇಷ್ಟ್ರಾಗುತ್ತದೆ: 'ಉತ್ತರ ಹೇಳಬೇಡ, ಸುಳಿವು ಕೊಡು', 'ಈ ಪ್ಯಾರಾವನ್ನು ಕನ್ನಡದಲ್ಲಿ ವಿವರಿಸು', 'ನಾನು ಬರೆದ ಈ ವಾಕ್ಯದಲ್ಲಿ ತಪ್ಪೇನು, ಯಾಕೆ ತಪ್ಪು?' ಅದು ಹೇಳಿದ್ದನ್ನು ಪಠ್ಯಪುಸ್ತಕದ ಪುಟ ತೆರೆದು ತಾಳೆ ನೋಡಿಸಿ. ಆ ತಾಳೆ ನೋಡುವಿಕೆಯೇ ಒಂದು ಓದು.

ನಿಘಂಟಿನ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಮನೆಗಳಲ್ಲಿ ಇರುವುದು ಸಾಮಾನ್ಯವಾಗಿ ಇಂಗ್ಲಿಷ್-ಕನ್ನಡ ನಿಘಂಟು. ಅದು ಓದುವಾಗ ನೆರವಾಗುತ್ತದೆ. ಬರೆಯುವಾಗ ಬೇಕಾದದ್ದು ಕನ್ನಡದಿಂದ ಇಂಗ್ಲಿಷಿಗೆ ಕರೆದೊಯ್ಯುವಂಥದ್ದು. 'ಮುದುಡಿಕೊಂಡ' ಎಂಬುದು ತಲೆಯಲ್ಲಿದೆ, ಅದಕ್ಕೆ ಇಂಗ್ಲಿಷ್ ಬೇಕು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಇದಕ್ಕೆ ಹೇಳಿಮಾಡಿಸಿದಂತಿದೆ. ಎರಡು ದಿಕ್ಕಿನ ನಿಘಂಟೂ ಕೈಯಳತೆಯಲ್ಲಿರಲಿ.

ತಿದ್ದುವವರಿಗೆ ಒಂದು ಮಾತು. ಮಗು ಬರೆದ ಐದು ವಾಕ್ಯದಲ್ಲಿ ಹನ್ನೆರಡು ತಪ್ಪಿದ್ದರೆ ಹನ್ನೆರಡನ್ನೂ ತಿದ್ದಬೇಡಿ. ಪುಟ ಕೆಂಪಾದ ಮೇಲೆ ಮಗುವಿಗೆ ಕಾಣುವುದು ಕೆಂಪು ಮಾತ್ರ. ಈ ವಾರ ಕಾಲದ ತಪ್ಪು, ಮುಂದಿನ ವಾರ 'ಎ', 'ಆನ್', ಅದರ ಮುಂದಿನ ವಾರ ಸ್ಪೆಲ್ಲಿಂಗ್ ಎಂದು ಒಂದೊಂದನ್ನೇ ಹಿಡಿಯಿರಿ. ಉತ್ತರದ ವಾದ ಸರಿಯಿದ್ದರೆ ಮೊದಲು ಅದನ್ನು ಹೇಳಿ, ಆಮೇಲೆ ಪೆನ್ನು ಎತ್ತಿ. ಹಾಗೆಯೇ ಮಗುವಿನ ಬದಲು ನೀವೇ ಬರೆದುಕೊಡುವ ಆಸೆ ಬಿಡಿ. ಅಪ್ಪನ ಇಂಗ್ಲಿಷಿಗೆ ಮಗನಿಗೆ ಸಿಗುವ 'ಗುಡ್'ನಿಂದ ಯಾರಿಗೂ ಉಪಯೋಗವಿಲ್ಲ.

ನನಗೇ ಇಂಗ್ಲಿಷ್ ಬರಲ್ಲ, ಮಗುವಿಗೇನು ಹೇಳಿಕೊಡಲಿ ಎಂದು ಎಷ್ಟೋ ತಾಯಂದಿರು ಟ್ಯೂಷನ್ನಿಗೆ ದುಡ್ಡು ಹೊಂದಿಸುತ್ತಾರೆ. ಟ್ಯೂಷನ್ನಿನಲ್ಲಿ ಸಿಗುವುದು ಬಹುತೇಕ ಗೈಡೇ, ಇನ್ನೊಬ್ಬರ ಬಾಯಿಂದ. ಪಾಠ ಏನು ಎಂದು ಮಗುವಿನಿಂದ ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ, ಮನೆಯ ಮಾತು ಯಾವುದೋ ಅದರಲ್ಲಿ ಕತೆ ಹೇಳಿಸುವುದು ಯಾವ ತಾಯಿಗೂ ಆಗದ ಕೆಲಸವಲ್ಲ. ನಡುವೆ 'ಅವನು ಹಾಗ್ಯಾಕೆ ಮಾಡಿದ?' ಎಂದು ಕೇಳಿದರೆ ಆಯಿತು. ಹೇಳುತ್ತ ಹೇಳುತ್ತ ಎಲ್ಲಿ ತೊದಲಿತೋ ಅಲ್ಲಿ ಪಾಠ ಅರ್ಥವಾಗಿಲ್ಲ. ಆ ಜಾಗವನ್ನು ಗುರುತು ಹಾಕಿಕೊಂಡು ಮಾರನೇ ದಿನ ಮೇಷ್ಟ್ರನ್ನು ಕೇಳು ಎಂದು ಕಳಿಸಬಹುದು. ಇಂಗ್ಲಿಷ್ ವಾಕ್ಯ ತಿದ್ದುವ ಕೆಲಸ ಮಾತ್ರ ಬಲ್ಲವರಿಗೆ ಉಳಿಯುತ್ತದೆ.

ಆ ಬಲ್ಲವರು ಊರೂರಿನಲ್ಲೂ ಇದ್ದಾರೆ, ನಿವೃತ್ತ ಮೇಷ್ಟ್ರು, ಬ್ಯಾಂಕಿನ ನೌಕರರು, ಡಿಗ್ರಿ ಓದುವ ಹುಡುಗ ಹುಡುಗಿಯರು. ಅರಿವು ಕೇಂದ್ರಗಳೆಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿದೆ. ಜಾಗವಿದೆ, ಮೇಜಿದೆ, ಪುಸ್ತಕಗಳಿವೆ. ನಿಮಗೆ ಇಂಗ್ಲಿಷ್ ಬರುತ್ತದೆಂದಾದರೆ ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ ಅಲ್ಲಿ ಹೋಗಿ ಕೂಡಿ. ಗ್ರಂಥಪಾಲಕರಿಗೆ ಮೊದಲೇ ಹೇಳಿಡಿ, ಶಾಲೆಯ ಮೇಷ್ಟ್ರಿಗೂ ಒಂದು ಮಾತು ತಿಳಿಸಿ. ಮಕ್ಕಳು ಪಠ್ಯಪುಸ್ತಕ, ನೋಟ್‌ಬುಕ್ ತರಲಿ. ಗೈಡ್ ಮಾತ್ರ ಮನೆಯಲ್ಲೇ ಬಿಟ್ಟು ಬರಲು ಹೇಳಿ.